ಕವನೆಂಟ್ ಮದುವೆಯಿಂದ ಹೊರಬರುವುದು ಹೇಗೆ? ಲೂಸಿಯಾನಾ, ಅರಿಜೋನಾ, ಆರ್ಕನ್ಸಾ ಕಾನೂನಿನ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿರುವ ಗೆಳೆಯನೊಬ್ಬ ಡಿವೋರ್ಸ್ ಅರ್ಜಿ ತುಂಬಲು ಕೂತಿದ್ದ. ಅವನು ಮಂಗಳೂರಿನವನು, ಅವಳು ಅಲ್ಲಿಯ ಹುಡುಗಿ, ಮದುವೆ ಚರ್ಚಿನಲ್ಲಿ ಆಗಿತ್ತು. ಇಬ್ಬರಿಗೂ ಸಾಕಾಗಿತ್ತು. ಜಗಳ ಆಡುವ ಶಕ್ತಿಯೂ ಉಳಿದಿರಲಿಲ್ಲ. ಪ್ರಿಂಟ್ ತೆಗೆದಿದ್ದ ಫಾರ್ಮಿನ ತಲೆಬರಹದ ಮೇಲೆ ನನ್ನ ಕಣ್ಣು ಬಿತ್ತು: 'ನಾನ್-ಕವನೆಂಟ್ ಮದುವೆ'ಯ ವಿಸರ್ಜನೆಗೆ ಅರ್ಜಿ. "ಈ ನಾನ್-ಕವನೆಂಟ್ ಅಂದ್ರೆ ಏನೋ?" ಅಂದೆ. ಅವನು ಪೆನ್ನು ಕೆಳಗಿಟ್ಟ. ಮದುವೆಗೆ ಮುಂಚೆ ಪಾಸ್ಟರ್ ಹತ್ತಿರ ನಾಲ್ಕಾರು ಸಲ ಹೋಗಿ ಕೂತಿದ್ದು, ಕೊನೆಗೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿದ್ದು ಅವನಿಗೆ ಆಗ ನೆನಪಾಯಿತು.

ಆ ಫಾರ್ಮು ಕಸದ ಬುಟ್ಟಿಗೆ ಹೋಯಿತು. ಆಮೇಲೆ ಓದಿ ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಆದರೆ ವಕೀಲರ ಮುಂದೆ ಕೂರುವ ಮೊದಲು ಇಷ್ಟು ಗೊತ್ತಿದ್ದರೆ ಸಮಯ, ದುಡ್ಡು ಎರಡೂ ಉಳಿಯುತ್ತವೆ.

ಇದೆಂಥ ಮದುವೆ?

ಕನ್ನಡ ಬೈಬಲ್ ಓದಿದವರಿಗೆ 'ಒಡಂಬಡಿಕೆ' ಪದ ಹೊಸದಲ್ಲ. ಕವನೆಂಟ್ ಅಂದರೆ ಅದೇ. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆಗ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದರು. ಯಾರ ತಪ್ಪೂ ತೋರಿಸದೆ ಡಿವೋರ್ಸ್ ಪಡೆಯಬಹುದು ಎಂಬುದು ಅದರ ಸಾರ. ನಿಧಾನಕ್ಕೆ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಡಿವೋರ್ಸ್ ತುಂಬಾ ಸುಲಭವಾಯಿತು ಅಂತ ಬೇಸರಪಟ್ಟವರು 1997ರಲ್ಲಿ ಲೂಸಿಯಾನಾದಲ್ಲಿ ಬೇರೊಂದು ಬಗೆಯ ಮದುವೆಯನ್ನೇ ಕಾನೂನಿಗೆ ತಂದರು. ಮಸೂದೆ ಮಂಡಿಸಿದ್ದು ಟೋನಿ ಪರ್ಕಿನ್ಸ್ ಎಂಬ ಶಾಸಕ. 1998ರಲ್ಲಿ ಅರಿಜೋನಾ, 2001ರಲ್ಲಿ ಆರ್ಕನ್ಸಾ ಇದನ್ನು ಒಪ್ಪಿಕೊಂಡವು. ಬೇರೆ ಕೆಲವು ರಾಜ್ಯಗಳಲ್ಲೂ ಆಗಾಗ ಮಸೂದೆ ಬರುತ್ತದೆ. ಸದ್ಯಕ್ಕೆ ಹೆಚ್ಚು ಜನ ಹೇಳುವುದು, ಕೇಳುವುದು ಈ ಮೂರು ರಾಜ್ಯಗಳ ಬಗ್ಗೆ.

ಈ ಮೂರರಲ್ಲಿ ಮದುವೆಯಾಗುವವರು ಮಾಮೂಲಿ ಮದುವೆ ಬೇಕೋ, ಕವನೆಂಟ್ ಬೇಕೋ ಆರಿಸಿಕೊಳ್ಳಬಹುದು. ಕವನೆಂಟ್ ಬೇಕೆಂದರೆ ಮದುವೆಗೆ ಮುಂಚೆ ಕೌನ್ಸೆಲಿಂಗ್ ಆಗಬೇಕು, ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು. ಕಷ್ಟ ಬಂದರೆ ಸಂಸಾರ ಉಳಿಸಿಕೊಳ್ಳಲು ಎಲ್ಲ ಪ್ರಯತ್ನ ಮಾಡುತ್ತೇವೆ ಅಂತ ಅದರಲ್ಲಿ ಇಬ್ಬರೂ ಮಾತು ಕೊಟ್ಟಿರುತ್ತಾರೆ. ಇದನ್ನು ಆರಿಸಿಕೊಂಡವರು ಬಹಳ ಕಡಿಮೆ, ನೂರಕ್ಕೆ ಒಂದೆರಡು ಜೋಡಿ ಅಷ್ಟೆ. ಗೊತ್ತಿರುವ ಹೆಸರು ಬೇಕೆಂದರೆ ಅಮೆರಿಕದ ಸಂಸತ್ತಿನ ಸ್ಪೀಕರ್ ಆದ ಲೂಸಿಯಾನಾದ ಮೈಕ್ ಜಾನ್ಸನ್ ಇದ್ದಾರೆ. ಆರ್ಕನ್ಸಾ ಗವರ್ನರ್ ಆಗಿದ್ದ ಮೈಕ್ ಹಕಬಿ ಅವರಂತೂ 2005ರ ಪ್ರೇಮಿಗಳ ದಿನದಂದು ಸಾವಿರಾರು ಜನರ ಮುಂದೆ ತಮ್ಮ ಹಳೆಯ ಮದುವೆಯನ್ನೇ ಕವನೆಂಟ್ ಮಾಡಿಕೊಂಡರು.

ನಮ್ಮವರಿಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ತೆಗೆದು ನೋಡಿ. ವ್ಯಭಿಚಾರ, ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಹೀಗೆ ಕಾರಣ ತೋರಿಸಿ ಸಾಬೀತು ಮಾಡಬೇಕು. ಅಮೆರಿಕದವರು 'ವಿಶೇಷ' ಅಂತ ಮಾಡಿಕೊಂಡ ಮದುವೆ ನಮ್ಮಲ್ಲಿ ಮಾಮೂಲಿ ಮದುವೆ! ನಮ್ಮಲ್ಲಿ ಇಬ್ಬರೂ ಒಪ್ಪಿದರೆ 13ಬಿ ಅಂತ ಒಂದು ಬಾಗಿಲಾದರೂ ಇದೆ. ಲೂಸಿಯಾನಾದ ಕವನೆಂಟ್‌ನಲ್ಲಿ ಅದೂ ಇಲ್ಲ.

ಹೆಜ್ಜೆ 1: ಮೊದಲು ಕಾಗದ ನೋಡಿ

ನಿಮ್ಮದು ನಿಜವಾಗಿ ಕವನೆಂಟ್ ಮದುವೆಯಾ? ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಚರ್ಚಿನಲ್ಲಿ ಮದುವೆಯಾದರೆ ಅದು ಕವನೆಂಟ್ ಅಂದುಕೊಂಡವರಿದ್ದಾರೆ. ಆಗಿದ್ದು ಕವನೆಂಟ್ ಅನ್ನೋದನ್ನೇ ಮರೆತವರೂ ಇದ್ದಾರೆ, ನನ್ನ ಗೆಳೆಯನ ಹಾಗೆ.

ಮದುವೆ ಲೈಸೆನ್ಸ್ ಅರ್ಜಿ, ಮದುವೆ ಸರ್ಟಿಫಿಕೇಟ್ ಎರಡನ್ನೂ ಹುಡುಕಿ ತೆಗೆಯಿರಿ. ಇವುಗಳ ಜೊತೆ ಘೋಷಣಾ ಪತ್ರ, ಕೌನ್ಸೆಲಿಂಗ್ ಆಗಿದೆ ಎಂಬ ಪ್ರಮಾಣಪತ್ರ ಇರಬೇಕು. ಮನೆಯಲ್ಲಿ ಸಿಗದಿದ್ದರೆ ಲೈಸೆನ್ಸ್ ಕೊಟ್ಟ ಕಚೇರಿಗೆ ಹೋಗಿ. ಅರಿಜೋನಾದಲ್ಲಿ ಸುಪೀರಿಯರ್ ಕೋರ್ಟಿನ ಕ್ಲರ್ಕ್ ಹತ್ತಿರ ದಾಖಲೆ ಇರುತ್ತದೆ. ದೃಢೀಕರಿಸಿದ ಪ್ರತಿಯನ್ನೇ ಕೇಳಿ ಪಡೆಯಿರಿ, ಮುಂದೆ ಬೇಕಾಗುತ್ತದೆ.

ಧರ್ಮಸ್ಥಳದಲ್ಲೋ ಬೆಂಗಳೂರಿನ ಛತ್ರದಲ್ಲೋ ಮದುವೆಯಾಗಿ ಅಮೆರಿಕಕ್ಕೆ ಹೋದವರದು ತಾನಾಗಿ ಕವನೆಂಟ್ ಆಗುವುದಿಲ್ಲ. ಅಲ್ಲಿ ಹೋದ ಮೇಲೆ ಇಬ್ಬರೂ ಸಹಿ ಹಾಕಿ ಬದಲಾಯಿಸಿಕೊಂಡಿದ್ದರೆ ಮಾತ್ರ ಈ ಕಾನೂನು ಅನ್ವಯಿಸುತ್ತದೆ. ಮಾಮೂಲಿಯಿಂದ ಕವನೆಂಟ್‌ಗೆ ಬರಲು ಕಾನೂನಿನಲ್ಲಿ ದಾರಿ ಇದೆ. ಕವನೆಂಟ್‌ನಿಂದ ಮಾಮೂಲಿಗೆ ವಾಪಸ್ ಹೋಗಲು ದಾರಿ ಇಟ್ಟಿಲ್ಲ.

ಹೆಜ್ಜೆ 2: ಹೊಡೆತ ಬಡಿತ ಇದ್ದರೆ ಮೊದಲು ಹೊರಗೆ ಬನ್ನಿ

ಕೌನ್ಸೆಲಿಂಗ್ ಮುಗಿಯಲಿ, ಎರಡು ವರ್ಷ ಆಗಲಿ ಅಂತ ಒಂದೇ ಮನೆಯಲ್ಲಿ ಕಾಯಬೇಕಾಗಿಲ್ಲ. ಕವನೆಂಟ್ ಮದುವೆಯಾದವರು ಮನೆ ಬಿಡಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಹೊಡೆಯುವವರು ಹತ್ತಿರ ಬರದಂತೆ ಕೋರ್ಟು ಕೊಡುವ ರಕ್ಷಣಾ ಆದೇಶಕ್ಕೂ ಡಿವೋರ್ಸ್‌ಗೂ ಸಂಬಂಧ ಇಲ್ಲ. ಅದನ್ನು ಯಾವಾಗ ಬೇಕಾದರೂ ಕೇಳಬಹುದು. ಅಮೆರಿಕದ ರಾಷ್ಟ್ರೀಯ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 1-800-799-7233, ಹಗಲು ರಾತ್ರಿ ತೆರೆದಿರುತ್ತದೆ.

ಮೂರೂ ರಾಜ್ಯಗಳಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ನೇರವಾಗಿ ಡಿವೋರ್ಸ್‌ಗೆ ಕಾರಣ. ನಿಮ್ಮ ಮೇಲೆ ಆಗಿರಬಹುದು, ಮಗುವಿನ ಮೇಲೆ ಆಗಿರಬಹುದು. ಕಾಯುವ ವರ್ಷಗಳ ಲೆಕ್ಕ ಇದಕ್ಕಿಲ್ಲ. ಲೂಸಿಯಾನಾದಲ್ಲಿ ಇಂಥ ಕೇಸಿಗೆ ಕೌನ್ಸೆಲಿಂಗ್ ಷರತ್ತೂ ಇಲ್ಲ. ಅರಿಜೋನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಾನಸಿಕ ಹಿಂಸೆಯನ್ನೂ ಸೇರಿಸಿದೆ. ಮನೆಯಲ್ಲೇ ಕಾಯಂ ಆಗಿ ಇರುವ ನೆಂಟರ ಮೇಲೆ ಕೈ ಮಾಡಿದರೂ ಅಲ್ಲಿ ಅದು ಕಾರಣವೇ. ಮಗನ ಮನೆಯಲ್ಲಿ ವರ್ಷಗಟ್ಟಲೆ ಇರುವ ಅಪ್ಪ ಅಮ್ಮ ನಮ್ಮವರಲ್ಲಿ ಎಷ್ಟು ಜನ ಇಲ್ಲ, ಅಲ್ವಾ?

ಆಸ್ಪತ್ರೆಯ ಚೀಟಿ, ಗಾಯದ ಫೋಟೊ, ಪೊಲೀಸ್ ವರದಿ, ಬೆದರಿಕೆಯ ಮೆಸೇಜು, ಎಲ್ಲವನ್ನೂ ಸಂಗಾತಿಯ ಕೈಗೆ ಸಿಗದ ಕಡೆ ಇಡಿ. ಇಬ್ಬರೂ ಹಂಚಿಕೊಂಡಿರುವ ಕ್ಲೌಡ್ ಖಾತೆ ಬೇಡವೇ ಬೇಡ.

ಹೆಜ್ಜೆ 3: ಬೇರೆಯಾದ ದಿನವನ್ನು ಗಟ್ಟಿ ಮಾಡಿಕೊಳ್ಳಿ

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಬೇಕೆಂದರೆ ಇದನ್ನು ನೆನಪಿಟ್ಟುಕೊಳ್ಳಿ. ಯಾರು ಏನು ಅಂದರು, ಯಾರ ತಪ್ಪು ಎಷ್ಟು ಅನ್ನೋದಕ್ಕಿಂತ, ಯಾವ ದಿನದಿಂದ ಬೇರೆ ಬೇರೆ ಇದ್ದೀರಿ ಅನ್ನೋದೇ ಬಹುಪಾಲು ಕವನೆಂಟ್ ಕೇಸುಗಳ ಬೆನ್ನೆಲುಬು. ಮೂರೂ ರಾಜ್ಯಗಳಲ್ಲಿ ಎರಡು ವರ್ಷ ಸತತವಾಗಿ ಬೇರೆ ಇದ್ದರೆ ಡಿವೋರ್ಸ್ ಸಿಗುತ್ತದೆ. ಯಾರ ತಪ್ಪನ್ನೂ ಸಾಬೀತು ಮಾಡಬೇಕಾಗಿಲ್ಲ. ಆದರೆ ಆ ಎರಡು ವರ್ಷ ಯಾವತ್ತು ಶುರುವಾಯಿತು ಅಂತ ಕೋರ್ಟಿಗೆ ತೋರಿಸಬೇಕು.

ಒಂದೇ ಸೂರಿನಡಿ ಬೇರೆ ಬೇರೆ ಕೋಣೆಯಲ್ಲಿ ಮಲಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇರೆ ಮನೆ ಅಂತಲೇ ಅರ್ಥ ಮಾಡಿಕೊಳ್ಳುವುದು ಕ್ಷೇಮ. ಹೊಸ ಮನೆಯ ಬಾಡಿಗೆ ಕರಾರು, ಮೊದಲ ಕರೆಂಟ್ ಬಿಲ್ಲು, ಅಂಚೆಗೆ ಕೊಟ್ಟ ವಿಳಾಸ ಬದಲಾವಣೆಯ ಅರ್ಜಿ, ಸಾಮಾನು ಸಾಗಿಸಿದ ಟ್ರಕ್ಕಿನ ರಸೀತಿ ಇವನ್ನೆಲ್ಲ ಒಂದು ಫೈಲಿಗೆ ಹಾಕಿ. ಅದೇ ವಾರ ಸಂಗಾತಿಗೆ ಒಂದು ಈಮೇಲ್ ಕಳಿಸಿ: "ನಾನು ಇಂಥ ದಿನದಿಂದ ಬೇರೆ ವಾಸ ಮಾಡುತ್ತಿದ್ದೇನೆ." ಅಷ್ಟು ಸಾಕು. ಬೈಗುಳ, ಹಳೇ ಲೆಕ್ಕ ಸೇರಿಸಬೇಡಿ. ಆ ಈಮೇಲನ್ನು ಮುಂದೆ ಜಡ್ಜ್ ಓದುತ್ತಾರೆ ಅಂದುಕೊಂಡೇ ಬರೆಯಿರಿ. ಆರ್ಕನ್ಸಾದಲ್ಲಿ ಬೇರೆ ಇದ್ದದ್ದಕ್ಕೂ ರಾಜ್ಯದ ನಿವಾಸಿ ಎಂಬುದಕ್ಕೂ ನಿಮ್ಮ ಮಾತಷ್ಟೇ ಸಾಲದು, ಇನ್ನೊಬ್ಬರ ಸಾಕ್ಷಿಯೂ ಬೇಕು. ಪಕ್ಕದ ಮನೆಯವರೋ ಸಹೋದ್ಯೋಗಿಯೋ, ಯಾರು ಹೇಳಬಲ್ಲರು ಅಂತ ಈಗಲೇ ಯೋಚಿಸಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ನಮ್ಮಲ್ಲಿ ಗಾದೆ. ಇಲ್ಲಿ ಆ ಉಂಡು ಮಲಗುವುದೇ ಅಪಾಯ. 'ರಾಜಿಯಾಗದೆ ಸತತವಾಗಿ' ಅನ್ನುತ್ತದೆ ಕಾನೂನು. ಹದಿನೆಂಟು ತಿಂಗಳು ಬೇರೆ ಇದ್ದು, ದೀಪಾವಳಿಗೆ ಮಕ್ಕಳ ನೆಪದಲ್ಲಿ ಒಂದಾಗಿ, ತಿಂಗಳು ಜೊತೆಗಿದ್ದು ಮತ್ತೆ ಬೇರೆಯಾದರೆ ಗಡಿಯಾರ ಸೊನ್ನೆಯಿಂದ ಶುರುವಾಗಬಹುದು. ಮಕ್ಕಳನ್ನು ನೋಡಲು ಬಂದು ಊಟ ಮಾಡಿ ಹೋದರೆ ರಾಜಿ ಆಗಲಿಲ್ಲ. ಮತ್ತೆ ಸಂಸಾರ ಮಾಡೋಣ ಅಂತ ಒಂದಾದರೆ ಆಯಿತು. ಇವೆರಡರ ನಡುವೆ ಎಲ್ಲೋ ಇದ್ದರೆ ವಕೀಲರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ನಿಜವಾಗಿ ಮತ್ತೆ ಒಂದಾಗುವ ಮನಸ್ಸಿದ್ದರೆ ಮಾತ್ರ ಗಡಿಯಾರಕ್ಕೆ ಹೆದರಿ ಹಿಂದೆ ಸರಿಯಬೇಡಿ, ಅದು ಬೇರೆ ವಿಷಯ.

ಹೆಜ್ಜೆ 4: ಕೌನ್ಸೆಲಿಂಗ್

ಲೂಸಿಯಾನಾ, ಆರ್ಕನ್ಸಾ ಎರಡೂ ಕಡೆ ಡಿವೋರ್ಸ್ ಕೇಳುವ ಮೊದಲು ಕೌನ್ಸೆಲಿಂಗ್ ಆಗಿರಬೇಕು. ಲೂಸಿಯಾನಾದಲ್ಲಿ ಒಂದು ಸಲ ಹೋಗಿ ಬಂದರೆ ಮುಗಿಯಲಿಲ್ಲ. ಕಷ್ಟ ಶುರುವಾದಾಗ ಆರಂಭಿಸಿ, ಬೇರೆ ಹೋದ ಮೇಲೂ ಡಿವೋರ್ಸ್ ತೀರ್ಪು ಬರುವ ತನಕ ಮುಂದುವರಿಸಬೇಕು ಅನ್ನುತ್ತದೆ ಅಲ್ಲಿನ ಕಾನೂನು. ಹಿಂಸೆಯ ಕೇಸಿಗೆ ಇದು ಅನ್ವಯಿಸುವುದಿಲ್ಲ ಅಂತ ಆಗಲೇ ಹೇಳಿದೆ. ಅರಿಜೋನಾದಲ್ಲಿ ಘೋಷಣಾ ಪತ್ರದಲ್ಲಿ ಮಾತು ಕೊಟ್ಟಿರುತ್ತೀರಿ ನಿಜ. ಆದರೆ ಡಿವೋರ್ಸ್ ಕಾರಣಗಳ ಸೆಕ್ಷನ್‌ನಲ್ಲಿ ಕೌನ್ಸೆಲಿಂಗ್ ಅನ್ನು ಷರತ್ತಾಗಿ ಬರೆದಿಲ್ಲ.

ಸಂಗಾತಿ ಬರಲು ಒಪ್ಪದಿದ್ದರೆ? ಕರೆದದ್ದಕ್ಕೆ ದಾಖಲೆ ಇಟ್ಟು ನೀವೊಬ್ಬರೇ ಹೋಗಿ. ಪ್ರತಿ ಸಲವೂ ದಿನಾಂಕ ಇರುವ ರಸೀತಿ ಪಡೆಯಿರಿ. ಒಳಗೆ ಆಡಿದ ಮಾತು ಯಾರಿಗೂ ಬೇಡ, ಹೋಗಿದ್ದಕ್ಕೆ ಸಾಕ್ಷಿ ಸಾಕು.

ಹೆಜ್ಜೆ 5: ಯಾವ ಕಾರಣ, ಎಷ್ಟು ಕಾಯಬೇಕು?

ಇಲ್ಲಿ ರಾಜ್ಯದಿಂದ ರಾಜ್ಯಕ್ಕೆ ಲೆಕ್ಕ ಪೂರ್ತಿ ಬದಲಾಗುತ್ತದೆ.

ಲೂಸಿಯಾನಾ ಮೂರರಲ್ಲಿ ಜಾಸ್ತಿ ಬಿಗಿ. ಮಾಮೂಲಿ ಮದುವೆಗೆ ಅಲ್ಲಿ 180 ದಿನ ಬೇರೆ ಇದ್ದರೆ ಸಾಕು, ಚಿಕ್ಕ ಮಕ್ಕಳಿದ್ದರೆ 365 ದಿನ. ಕವನೆಂಟ್ ಮದುವೆಗೆ ಆ ದಾರಿ ಮುಚ್ಚಿದೆ, ಸಿವಿಲ್ ಕೋಡಿನ 102 ಮತ್ತು 103ನೇ ವಿಧಿಗಳೇ 'ಕವನೆಂಟ್ ಮದುವೆ ಹೊರತು' ಅಂತ ಶುರುವಾಗುತ್ತವೆ. ತಕ್ಷಣ ಅರ್ಜಿ ಹಾಕಲು ಇರುವ ಕಾರಣಗಳು ವ್ಯಭಿಚಾರ, ಗಂಭೀರ ಅಪರಾಧದ ಶಿಕ್ಷೆ, ಹಿಂಸೆ. ಶಿಕ್ಷೆ ಅಂದರೆ ಎಂಥದ್ದಾದರೂ ಆಗುವುದಿಲ್ಲ. ಮರಣದಂಡನೆ ಅಥವಾ ಕಠಿಣ ಸೆರೆವಾಸವೇ ಆಗಿರಬೇಕು. ಇದಕ್ಕೆ ಸಾಕ್ಷಿ ಸುಲಭ, ತೀರ್ಪಿನ ದೃಢೀಕೃತ ಪ್ರತಿ ಸಾಕು. ವ್ಯಭಿಚಾರಕ್ಕೆ ಹಾಗಲ್ಲ. ಅನುಮಾನ ಸಾಲದು, ಸಾಂದರ್ಭಿಕ ಸಾಕ್ಷ್ಯವಾದರೂ ಗಟ್ಟಿಯಾಗಿರಬೇಕು. ಸಂಗಾತಿ ಮನೆ ಬಿಟ್ಟು ಒಂದು ವರ್ಷ ಆಗಿದ್ದು, ಕರೆದರೂ ಬರುತ್ತಿಲ್ಲ ಅಂದರೆ ಅದೂ ಒಂದು ಕಾರಣ. ಕರೆದ ಮೆಸೇಜುಗಳನ್ನು ಅಳಿಸಬೇಡಿ. ಕೊನೆಗೆ ಎರಡು ವರ್ಷ ಬೇರೆ ವಾಸ.

ಇದರ ನಡುವೆ 'ಹಾಸಿಗೆ ಮತ್ತು ಊಟದಿಂದ ಬೇರ್ಪಡೆ' ಅಂತ ಒಂದು ಹಳೇ ಕಾಲದ ಹೆಸರಿನ ವ್ಯವಸ್ಥೆ ಇದೆ. ಮದುವೆ ಮುರಿಯುವುದಿಲ್ಲ, ಇನ್ನೊಂದು ಮದುವೆ ಆಗುವಂತಿಲ್ಲ, ಆದರೆ ಕೋರ್ಟೇ ಇಬ್ಬರನ್ನೂ ಬೇರೆ ಮಾಡುತ್ತದೆ. ಡಿವೋರ್ಸ್‌ಗೆ ಸಾಲದ ಕಾರಣವೂ ಇಲ್ಲಿ ನಡೆಯುತ್ತದೆ. ಸಂಗಾತಿಯ ವಿಪರೀತ ಕುಡಿತ, ಜೊತೆಗೆ ಬಾಳಲು ಆಗದಷ್ಟು ಕ್ರೂರ ವರ್ತನೆ ಇಂಥವು. ಈ ತೀರ್ಪಿಗೆ ಸಹಿ ಬಿದ್ದ ದಿನದಿಂದ ಒಂದು ವರ್ಷ ಬೇರೆ ಇದ್ದರೆ ಡಿವೋರ್ಸ್ ಕೇಳಬಹುದು. ಚಿಕ್ಕ ಮಕ್ಕಳಿದ್ದರೆ ಒಂದೂವರೆ ವರ್ಷ. ಮಗುವಿನ ಮೇಲಿನ ಹಿಂಸೆಯ ಕಾರಣಕ್ಕೇ ಬೇರ್ಪಡೆ ಆಗಿದ್ದರೆ ಮಕ್ಕಳಿದ್ದರೂ ಒಂದೇ ವರ್ಷ.

ಯಾವ ದಾರಿ ಬೇಗ ಮುಗಿಯುತ್ತದೆ? ಕಾಗದ ತೆಗೆದುಕೊಂಡು ಲೆಕ್ಕ ಹಾಕೋಣ. ನೀವು 2024ರ ಜೂನ್ 1ರಂದು ಮನೆ ಬಿಟ್ಟಿರಿ ಅಂದುಕೊಳ್ಳಿ. ಬರೀ ಬೇರೆ ವಾಸದ ದಾರಿ ಹಿಡಿದರೆ 2026ರ ಜೂನ್ 1ಕ್ಕೆ ಎರಡು ವರ್ಷ ತುಂಬುತ್ತದೆ. ಬೇರ್ಪಡೆಗೆ ಅರ್ಜಿ ಹಾಕಿ, 2025ರ ಜನವರಿ 15ಕ್ಕೆ ತೀರ್ಪಿಗೆ ಸಹಿ ಬಿತ್ತು ಅಂದುಕೊಳ್ಳಿ. ಮಕ್ಕಳಿಲ್ಲದಿದ್ದರೆ 2026ರ ಜನವರಿ 15ಕ್ಕೇ ಅವಧಿ ಮುಗಿಯಿತು, ನಾಲ್ಕೂವರೆ ತಿಂಗಳು ಲಾಭ. ಚಿಕ್ಕ ಮಗು ಇದ್ದರೆ 2026ರ ಜುಲೈ 15, ಅಂದರೆ ಸುಮ್ಮನೆ ಕಾದಿದ್ದಕ್ಕಿಂತ ಒಂದೂವರೆ ತಿಂಗಳು ತಡ! ಮಕ್ಕಳಿರುವವರಿಗೆ ಮನೆ ಬಿಟ್ಟ ಆರು ತಿಂಗಳೊಳಗೆ ಬೇರ್ಪಡೆ ತೀರ್ಪು ಬಂದರೆ ಮಾತ್ರ ಬೇಗ ಮುಗಿಯುತ್ತದೆ. ವಕೀಲರು 'ಮೊದಲು ಬೇರ್ಪಡೆ ಹಾಕೋಣ' ಅಂದರೆ ಈ ಲೆಕ್ಕ ಮುಂದಿಟ್ಟು ಕೇಳಿ.

ಹಾಗಂತ ಬೇರ್ಪಡೆ ದಂಡ ಅಲ್ಲ. ಲೂಸಿಯಾನಾದಲ್ಲಿ ಗಂಡ ಹೆಂಡತಿಯ ಸಂಪಾದನೆ ಸಾಮಾನ್ಯವಾಗಿ ಇಬ್ಬರದೂ. ಸಾಲವೂ ಹಾಗೆಯೇ. ಬೇರ್ಪಡೆ ತೀರ್ಪು ಬಂದರೆ ಆ ಜಂಟಿ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಕತ್ತರಿಸಿದಂತೆ. ಸಂಗಾತಿ ಕ್ರೆಡಿಟ್ ಕಾರ್ಡ್ ಮೇಲೆ ಕ್ರೆಡಿಟ್ ಕಾರ್ಡ್ ಉಜ್ಜುತ್ತಿದ್ದರೆ ಒಂದೂವರೆ ತಿಂಗಳ ತಡಕ್ಕಿಂತ ಇದು ದೊಡ್ಡ ವಿಷಯ.

ಅರಿಜೋನಾಗೆ ಬಂದರೆ ಗಾಳಿ ಸ್ವಲ್ಪ ಹಗುರ. ಎಂಟು ಕಾರಣಗಳಿವೆ. ವ್ಯಭಿಚಾರ, ಜೈಲು ಶಿಕ್ಷೆ, ಒಂದು ವರ್ಷ ಬಿಟ್ಟುಹೋಗಿರುವುದು, ಹಿಂಸೆ, ಎರಡು ವರ್ಷ ಬೇರೆ ವಾಸ, ಕಾನೂನು ಬೇರ್ಪಡೆಯ ನಂತರ ಒಂದು ವರ್ಷ, ಡ್ರಗ್ಸ್ ಅಥವಾ ಕುಡಿತದ ಚಟ. ಎಂಟನೆಯದೇ ಮುಖ್ಯ: ಇಬ್ಬರೂ ಒಪ್ಪಿದರೆ ಸಾಕು. ನನ್ನ ಗೆಳೆಯನಿಗೆ ಆಗಿಬಂದದ್ದು ಇದೇ. ಇಬ್ಬರೂ ಡಿವೋರ್ಸ್‌ಗೆ ಒಪ್ಪಬೇಕು ಅಷ್ಟೆ. ಮನೆ ಯಾರಿಗೆ, ಕಾರು ಯಾರಿಗೆ ಅಂತ ಕಿತ್ತಾಡುತ್ತಿದ್ದರೂ ಕಾರಣ ಸಾಬೀತಾದಂತೆಯೇ, ಆಸ್ತಿ ವಿಷಯವನ್ನು ಜಡ್ಜ್ ತೀರ್ಮಾನಿಸುತ್ತಾರೆ. ಹಾಗಾಗಿ ಅರಿಜೋನಾದಲ್ಲಿ ಇರುವವರು ಮೊದಲ ವಾರವೇ ಸಂಗಾತಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಒಪ್ಪಿಗೆಯಾ?"

ಒಪ್ಪದಿದ್ದರೂ ಅಲ್ಲಿ ಇನ್ನೊಂದು ಅನುಕೂಲ ಇದೆ. ಬಿಟ್ಟುಹೋದ ಅಥವಾ ಬೇರೆ ವಾಸದ ಅವಧಿ ಇನ್ನೂ ತುಂಬದಿದ್ದರೂ ಅರ್ಜಿ ಹಾಕಬಹುದು. ಕೋರ್ಟು ಅದನ್ನು ತಳ್ಳಿಹಾಕುವುದಿಲ್ಲ, ಉಳಿದ ಅವಧಿಗೆ ತಡೆಹಿಡಿದು ಇಟ್ಟಿರುತ್ತದೆ. ಅಷ್ಟರಲ್ಲಿ ಮಕ್ಕಳ ವಿಷಯ, ಖರ್ಚಿನ ವಿಷಯಕ್ಕೆ ತಾತ್ಕಾಲಿಕ ಆದೇಶ ಕೊಡಬಹುದು.

ಆರ್ಕನ್ಸಾ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಾದರಿ ಲೂಸಿಯಾನಾದ್ದೇ. ವ್ಯಭಿಚಾರ, ಗಂಭೀರ ಅಪರಾಧ, ಹಿಂಸೆ, ಎರಡು ವರ್ಷ ಬೇರೆ ವಾಸ. ನ್ಯಾಯಾಂಗ ಬೇರ್ಪಡೆಯ ನಂತರ ಕಾಯುವ ಅವಧಿ ಅಲ್ಲಿ ಇನ್ನೂ ಉದ್ದ: ಮಕ್ಕಳಿಲ್ಲದಿದ್ದರೆ ಎರಡು ವರ್ಷ, ಚಿಕ್ಕ ಮಕ್ಕಳಿದ್ದರೆ ಎರಡೂವರೆ. ಮಗುವಿನ ಮೇಲಿನ ಹಿಂಸೆಗೆ ಒಂದು ವರ್ಷ. ಅಂದರೆ ಬೇಗ ಮುಗಿಯಲಿ ಅಂತ ಆರ್ಕನ್ಸಾದಲ್ಲಿ ಬೇರ್ಪಡೆ ಹಾಕುವುದರಲ್ಲಿ ಅರ್ಥವಿಲ್ಲ. ಜೀವನಾಂಶ, ಆಸ್ತಿಯ ಬಂದೋಬಸ್ತ್ ಬೇಕಿದ್ದರೆ ಮಾತ್ರ ಹಾಕಿ.

ಹೆಜ್ಜೆ 6: ಯಾವ ಕೋರ್ಟು?

ಅರಿಜೋನಾದಲ್ಲಿ ಅರ್ಜಿಗೆ ಮುಂಚೆ ಇಬ್ಬರಲ್ಲಿ ಒಬ್ಬರಾದರೂ 90 ದಿನ ಅಲ್ಲಿ ನೆಲೆಸಿರಬೇಕು. ಆರ್ಕನ್ಸಾದಲ್ಲಿ 60 ದಿನ, ತೀರ್ಪಿನ ಹೊತ್ತಿಗೆ ಪೂರ್ತಿ ಮೂರು ತಿಂಗಳು ಆಗಿರಬೇಕು. ಲೂಸಿಯಾನಾದಲ್ಲಿ ಆರು ತಿಂಗಳು ವಾಸವಿದ್ದರೆ ನೀವು ಅಲ್ಲಿಯವರೇ ಎಂದು ಕಾನೂನು ಭಾವಿಸುತ್ತದೆ. ಅಲ್ಲಿ ಜಿಲ್ಲೆಗೆ ಪ್ಯಾರಿಷ್ ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಇರುವ ಪ್ಯಾರಿಷ್ ಅಥವಾ ಇಬ್ಬರೂ ಕೊನೆಗೆ ಸಂಸಾರ ಮಾಡಿದ ಪ್ಯಾರಿಷ್, ಎರಡರಲ್ಲಿ ಒಂದು ಕಡೆಯೇ ಅರ್ಜಿ ಹಾಕಬೇಕು. ತಪ್ಪು ಜಾಗದಲ್ಲಿ ಹಾಕಿದರೆ ಇಬ್ಬರೂ ಒಪ್ಪಿದರೂ ನಡೆಯುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಬೇರೆ ರಾಜ್ಯಕ್ಕೆ ಹೋಗಿಬಿಟ್ಟರೆ? ಕೆಲಸದ ಮೇಲೆ ರಾಜ್ಯ ಬದಲಾಯಿಸುವುದು ನಮ್ಮವರಿಗೆ ಹೊಸದಲ್ಲ. ಅಮೆರಿಕದಲ್ಲಿ ಕೋರ್ಟು ಯಾವ ರಾಜ್ಯದ್ದೋ ಡಿವೋರ್ಸ್‌ಗೆ ಆ ರಾಜ್ಯದ ಕಾನೂನನ್ನೇ ಹಿಡಿಯುತ್ತದೆ. ಮದುವೆ ಎಲ್ಲಾಯಿತು ಅನ್ನೋದು ಮುಖ್ಯವಲ್ಲ. ಲೂಸಿಯಾನಾದಲ್ಲಿ ಕವನೆಂಟ್ ಮದುವೆಯಾದವರು ಟೆಕ್ಸಾಸ್‌ನಲ್ಲಿ ನೆಲೆಸಿ, ರಾಜ್ಯದಲ್ಲಿ ಆರು ತಿಂಗಳು ಮತ್ತು ಕೌಂಟಿಯಲ್ಲಿ 90 ದಿನ ಕಳೆದ ಮೇಲೆ ಅಲ್ಲಿ ಮಾಮೂಲಿ ಡಿವೋರ್ಸ್ ಕೇಳಬಹುದು. ಇಷ್ಟೆಲ್ಲ ಬಿಗಿ ಮಾಡಿ ಕಾನೂನು ಬರೆದವರು ಪಕ್ಕದ ರಾಜ್ಯದ ಗಡಿಗೆ ಬೀಗ ಹಾಕಲು ಆಗಲಿಲ್ಲ, ನೋಡಿ.

ಆದರೆ ಅಲ್ಲಿ ನೆಲೆಸಿದ್ದು ನಿಜವಾಗಿರಬೇಕು. ಗೆಳೆಯನ ವಿಳಾಸ ಕೊಟ್ಟು ಅರ್ಜಿ ಹಾಕಿದರೆ ತೀರ್ಪು ಮುಂದೆ ಬಿದ್ದುಹೋಗಬಹುದು. ಹೊಸ ರಾಜ್ಯ ಮದುವೆ ಮುರಿದರೂ, ಆ ರಾಜ್ಯಕ್ಕೆ ಕಾಲಿಡದ ಸಂಗಾತಿಯ ಆಸ್ತಿ, ಜೀವನಾಂಶದ ಮೇಲೆ ಅದಕ್ಕೆ ಹಿಡಿತ ಇಲ್ಲದಿರಬಹುದು. ಮಗುವಿನ ಕಸ್ಟಡಿಯನ್ನು ಸಾಮಾನ್ಯವಾಗಿ ಅದು ಕಳೆದ ಆರು ತಿಂಗಳು ಇದ್ದ ರಾಜ್ಯವೇ ನೋಡುತ್ತದೆ. ಹೇಳದೆ ಕೇಳದೆ ಮಗುವನ್ನು ಎತ್ತಿಕೊಂಡು ಗಡಿ ದಾಟಬೇಡಿ. ಬೆಂಗಳೂರಿಗೆ ಹಾರುವುದಂತೂ ಬೇಡವೇ ಬೇಡ, ಅಮೆರಿಕದ ಕೋರ್ಟು ಅದನ್ನು ಅಪಹರಣ ಅಂತಲೇ ನೋಡುವ ಸಂಭವ ಇದೆ.

ಹೆಜ್ಜೆ 7: ಅರ್ಜಿ, ನೋಟಿಸು, ತೀರ್ಪು

ಸರಿಯಾದ ಫಾರ್ಮು ಹಿಡಿಯಿರಿ, ತಲೆಬರಹ ಓದಿ. ಅರ್ಜಿಯಲ್ಲಿ ಇದು ಕವನೆಂಟ್ ಮದುವೆ ಎಂದು ಬರೆದು, ಯಾವ ಕಾರಣದ ಮೇಲೆ ಕೇಳುತ್ತಿದ್ದೀರಿ ಎಂದು ಹೇಳಬೇಕು. ಎರಡು ಕಾರಣ ಇದ್ದರೆ ಎರಡನ್ನೂ ಬರೆಯಿರಿ. ಒಂದು ಬಿದ್ದುಹೋದರೆ ಇನ್ನೊಂದು ಇರುತ್ತದೆ.

ಸಂಗಾತಿಗೆ ನೋಟಿಸ್ ಕಾನೂನುಬದ್ಧವಾಗಿ ತಲುಪಬೇಕು. ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದರೆ ಆಗುವುದಿಲ್ಲ. ಅರಿಜೋನಾದಲ್ಲಿ ಅರ್ಜಿ ತಲುಪಿದ ಮೇಲೆ 60 ದಿನ ಕಳೆಯದೆ ತೀರ್ಪು ಬರುವುದಿಲ್ಲ, ಒಪ್ಪಿಗೆ ಇದ್ದರೂ ಅಷ್ಟೇ. ಆರ್ಕನ್ಸಾದಲ್ಲಿ ಅರ್ಜಿ ಹಾಕಿ 30 ದಿನ ಆಗಿರಬೇಕು. ಚಿಕ್ಕ ಮಕ್ಕಳಿದ್ದರೆ ಅರಿಜೋನಾದಲ್ಲಿ ಅಪ್ಪ ಅಮ್ಮ ಇಬ್ಬರೂ ಒಂದು ಸಣ್ಣ ಕೋರ್ಸಿಗೂ ಹೋಗಬೇಕು. ಡಿವೋರ್ಸ್ ಮಕ್ಕಳ ಮೇಲೆ ಏನು ಮಾಡುತ್ತದೆ ಅಂತ ಅಲ್ಲಿ ಹೇಳುತ್ತಾರೆ.

ವಕೀಲರನ್ನು ಹಿಡಿಯುವಾಗ ಮೊದಲ ಪ್ರಶ್ನೆಯೇ "ಕವನೆಂಟ್ ಕೇಸು ಎಷ್ಟು ಮಾಡಿದ್ದೀರಿ?" ಆಗಿರಲಿ. ಇಂಥ ಮದುವೆಗಳೇ ಕಡಿಮೆ, ಹಾಗಾಗಿ ಅನುಭವ ಇರುವವರೂ ಕಡಿಮೆ. "ಎಲ್ಲ ಒಂದೇ ರೀ" ಅನ್ನುವವರ ಹತ್ತಿರ ಅಡ್ವಾನ್ಸ್ ಕೊಡಬೇಡಿ.

ವೀಸಾ ಮೇಲಿರುವವರಿಗೆ ಒಂದು ಎಚ್ಚರಿಕೆ. ಎಚ್-4, ಅಂದರೆ ಕೆಲಸದ ವೀಸಾ ಇರುವವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ, ನಿಂತಿರುವುದೇ ಮದುವೆಯ ಮೇಲೆ, ಡಿವೋರ್ಸ್ ತೀರ್ಪು ಬಂದರೆ ಆ ಆಧಾರ ಹೋಯಿತು. ತೀರ್ಪಿನ ದಿನಾಂಕಕ್ಕೆ ಮುಂಚೆಯೇ ವಲಸೆ ವಕೀಲರನ್ನು ಕಾಣಿ. ಹಿಂಸೆಗೆ ಒಳಗಾದವರಿಗೆ, ಸಂಗಾತಿ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾದರೆ, ತಾವೇ ಸ್ವತಂತ್ರವಾಗಿ ಅರ್ಜಿ ಹಾಕುವ ದಾರಿಯೂ ಇದೆ.

ಹೆಜ್ಜೆ 8: ಊರಿನಲ್ಲಿ ಈ ತೀರ್ಪು ನಡೆಯುತ್ತದಾ?

ಭಾರತದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ, ಅಮೆರಿಕದಲ್ಲಿ ಕವನೆಂಟ್‌ಗೆ ಬದಲಾಯಿಸಿಕೊಂಡವರು ಇದನ್ನು ಯೋಚಿಸಲೇಬೇಕು. ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ್ದು ಇಷ್ಟು: ವಿದೇಶಿ ಡಿವೋರ್ಸ್ ಇಲ್ಲಿ ನಡೆಯಬೇಕಾದರೆ ಮದುವೆಯಾದ ಕಾನೂನಿನಲ್ಲೇ ಇರುವ ಕಾರಣದ ಮೇಲೆ ಆಗಿರಬೇಕು, ಇಲ್ಲವೇ ಇನ್ನೊಬ್ಬರು ಮನಸಾರೆ ಆ ಕೋರ್ಟಿಗೆ ಬಂದು ಒಪ್ಪಿರಬೇಕು. ಸಂಗಾತಿ ಮೈಸೂರಿನಲ್ಲಿ ಕೂತಿದ್ದಾಗ ಅಮೆರಿಕದಲ್ಲಿ ಏಕಪಕ್ಷೀಯವಾಗಿ ತೆಗೆದುಕೊಂಡ ತೀರ್ಪು ಇಲ್ಲಿ ಬಿದ್ದುಹೋಗುವುದು ಇದರಿಂದಲೇ.

ಕವನೆಂಟ್ ಕಾನೂನಿನ ಬಿಗಿ ಇಲ್ಲಿ ಕೆಲವೊಮ್ಮೆ ಉಪಕಾರಕ್ಕೆ ಬರುತ್ತದೆ. ವ್ಯಭಿಚಾರ ಸಾಬೀತಾಗಿ ಬಂದ ತೀರ್ಪು ನಮ್ಮ 13ನೇ ಸೆಕ್ಷನ್ನಿಗೂ ಹೊಂದುತ್ತದೆ. ಬರೀ ಎರಡು ವರ್ಷ ಬೇರೆ ಇದ್ದದ್ದು ನಮ್ಮಲ್ಲಿ ಸ್ವತಂತ್ರ ಕಾರಣವಲ್ಲ, ಅಲ್ಲಿ ತೊಡಕಾಗಬಹುದು. ಅರಿಜೋನಾದಲ್ಲಿ ಇಬ್ಬರೂ ಸಹಿ ಹಾಕಿ ಪಡೆದ ಒಪ್ಪಿಗೆಯ ತೀರ್ಪು ಈ ಎಲ್ಲದಕ್ಕಿಂತ ನಿರಾಳ. ಕ್ಯಾಥೊಲಿಕ್ ಆಗಿದ್ದು ಮತ್ತೆ ಚರ್ಚಿನಲ್ಲಿ ಮದುವೆಯಾಗುವ ಯೋಚನೆ ಇದ್ದರೆ ಸಿವಿಲ್ ಡಿವೋರ್ಸ್ ಸಾಲದು, ಧರ್ಮಪ್ರಾಂತ್ಯದ ನ್ಯಾಯಮಂಡಳಿಯ ಮುಂದೆ ಬೇರೆಯದೇ ಅರ್ಜಿ ಹಾಕಬೇಕು.

ತೀರ್ಪು ಬಂದ ದಿನವೇ ಕ್ಲರ್ಕ್ ಹತ್ತಿರ ಮೂರು ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಒಂದಕ್ಕೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್, ಅಂದರೆ ದಾಖಲೆ ಬೇರೆ ದೇಶದಲ್ಲೂ ನಡೆಯಲು ಬೇಕಾದ ದೃಢೀಕರಣದ ಮುದ್ರೆ ಹಾಕಿಸಿ. ಭಾರತದ ಕಚೇರಿಗಳಲ್ಲಿ ಕೇಳುವುದು ಅದನ್ನೇ. ಗೆಳೆಯ ಒಂದೇ ಪ್ರತಿ ತೆಗೆದುಕೊಂಡಿದ್ದ. ಎರಡು ವರ್ಷದ ಮೇಲೆ ಊರಲ್ಲಿ ಎರಡನೇ ಮದುವೆ ಗೊತ್ತಾದಾಗ, ಮುದ್ರೆಗಾಗಿ ಮತ್ತೆ ಫೀನಿಕ್ಸ್‌ನ ಅದೇ ಕೌಂಟರಿನ ಮುಂದೆ ಕ್ಯೂ ನಿಂತ.